ಗಂಜಿ ಮೊದಲು, ಗ್ಲಾಸು ಆಮೇಲೆ

ಕಳೆದ ತಿಂಗಳು ನನ್ನ ಸಕ್ಕರೆ ಪರೀಕ್ಷೆ ಮಾಡಲಿಕ್ಕೆ ಆಸ್ಪತ್ರೆಯ ಸಿಸ್ಟರ್ ಮನೆಗೆ ಬಂದಿದ್ದಳಲ್ಲ, ಅವಳು ಹತ್ತಿಗೆ ಸ್ಪಿರಿಟ್ ಹಾಕಿ ನನ್ನ ಬೆರಳು ಒರೆಸಿದ ಕೂಡಲೇ ನನಗೆ ನಗೆ ಬಂತು. ನೀವಿಬ್ಬರೂ ಅಲ್ಲೇ ಕೂತಿದ್ದಿರಿ. "ಎಂತ ಅಜ್ಜಿ, ಕಚಗುಳಿಯಾ?" ಎಂದು ದೊಡ್ಡವನು ಕೇಳಿದ. "ಅಲ್ಲ, ನಿಮ್ಮ ಅಜ್ಜನ ನೆನಪಾಯಿತು" ಎಂದೆ. ಚಿಕ್ಕವಳು ಕಣ್ಣರಳಿಸಿ, "ಅಜ್ಜ ಡಾಕ್ಟರಾಗಿದ್ದರಾ?" ಎಂದಳು.

ಸಿಸ್ಟರ್ ಮುಖ ಆಚೆ ತಿರುಗಿಸಿ ನಕ್ಕಳು. ಈ ಊರಿನಲ್ಲಿ ನಿಮ್ಮ ಅಜ್ಜ ಎಂಥವರೆಂದು ಗೊತ್ತಿಲ್ಲದವರು ನೀವಿಬ್ಬರೇ.

ಬೇರೆ ಹೆಂಗಸರಿಗೆ ಗಂಡನ ನೆನಪು ಮಲ್ಲಿಗೆಯ ವಾಸನೆಗೆ ಬರುತ್ತದಂತೆ. ವಾರಪತ್ರಿಕೆಯ ಕಥೆಗಳಲ್ಲಿ ಹಾಗೆಯೇ ಇರುತ್ತದೆ. ನನಗೆ ಸ್ಪಿರಿಟ್. ಎಂತ ಮಾಡುವುದು, ಅವರವರ ಸಂಸಾರ ಅವರವರಿಗೆ.

ನಿಮ್ಮ ಅಮ್ಮ ನಿಮಗೆ ಹೇಳಿದ ಕಥೆ ನನಗೆ ಗೊತ್ತುಂಟು. ಅಜ್ಜನಿಗೆ ಮೊದಲು ಸ್ವಲ್ಪ ಕುಡಿಯುವ ಅಭ್ಯಾಸ ಇತ್ತು, ಒಂದು ದಿನ ದೈವದ ಎದುರು ಮಾತು ಕೊಟ್ಟರು, ಅಂದಿನಿಂದ ಬಿಟ್ಟರು. ಚಂದದ ಕಥೆ. ಅದರಲ್ಲಿ ಮಾತು ಕೊಟ್ಟದ್ದೊಂದು ಸತ್ಯ. ಉಳಿದದ್ದೆಲ್ಲ ಸುಳ್ಳು. 'ಸ್ವಲ್ಪ' ಎನ್ನುವುದಂತೂ ಬಹಳ ದೊಡ್ಡ ಸುಳ್ಳು. ಅವಳನ್ನು ಬೈಯಬೇಡಿ. ಮದುವೆಯಾಗಿ ಹೋದ ಮನೆಯಲ್ಲಿ ಅವಳಿಗೆ ಅಂಥ ಒಬ್ಬ ಅಪ್ಪ ಬೇಕಾಗಿತ್ತು, ಮಾಡಿಕೊಂಡಳು.

ನಾನು ಏಳನೆಯ ಕ್ಲಾಸಿನವರೆಗೆ ಊರಿನ ಶಾಲೆಗೆ ಹೋದವಳು. ನಾಲ್ಕು ಜನರ ಎದುರು ಬಾಯಿ ತೆರೆಯಬೇಕಾದರೆ ನಾಲಗೆ ಮೇಲಕ್ಕೆ ಅಂಟಿಕೊಳ್ಳುತ್ತದೆ. ನೆರೆಹೊರೆ ಹೆಂಗಸರ ಅಯಲ್‌ಕೂಟದ ಸಭೆಯಲ್ಲಿ ನನ್ನ ಸರದಿ ಬಂದರೆ, "ಎಲ್ಲರೂ ಹೇಳಿದ ಹಾಗೆಯೇ" ಎಂದು ಕೂತುಬಿಡುತ್ತೇನೆ. ಆಗ ಯಾರೂ ಏನೂ ಹೇಳಿರುವುದಿಲ್ಲ. ಕಾಗದದ ಎದುರು ಮಾತ್ರ ನನಗೆ ನಾಚಿಕೆ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಟೈಲರ್. ಕುಂಬ್ಡಾಜೆಯಲ್ಲಿ ಬಸ್ಸು ನಿಲ್ಲುವಲ್ಲಿ ಒಂದು ಮೆಷಿನಿನ ಅಂಗಡಿ. ಅವರು ಹೊಲಿದ ರವಿಕೆಗೆ ಬೆಳ್ಳೂರಿನಿಂದ ಬಸ್ಸು ಹತ್ತಿ ಹೆಂಗಸರು ಬರುತ್ತಿದ್ದರು. ಕುಡಿದರೆ ಮನುಷ್ಯನ ಕೈ ನಡುಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಅಜ್ಜನ ಕೈ ನಡುಗುತ್ತಿದ್ದದ್ದು ಕುಡಿಯದಿದ್ದಾಗ. ಬೆಳಗ್ಗೆ ಎದ್ದರೆ ಸೂಜಿಯ ಕಣ್ಣು ಒಂದು ಕಡೆ, ನೂಲು ಇನ್ನೊಂದು ಕಡೆ. ಒಂದು ಗ್ಲಾಸು ಒಳಗೆ ಹೋದ ಮೇಲೆ ನೂಲು ತಾನಾಗಿ ಸೂಜಿಯೊಳಗೆ ಹೋಗುತ್ತಿತ್ತು. ಊರಿನವರೆಲ್ಲ ಆ ಕೈಯನ್ನು ಇಪ್ಪತ್ತು ವರ್ಷ ನೋಡಿದರು, ಈ ಒಂದು ಸಂಗತಿ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೆ ಬಿದ್ದಿತ್ತು. ನಾನು ಹೇಳಲಿಲ್ಲ. ಯಾರಾದರೂ ಕೇಳಿದರಲ್ಲವೇ ಹೇಳುವುದು.

ಉಪದೇಶಕ್ಕೆ ಮಾತ್ರ ಬರಗಾಲ ಇರಲಿಲ್ಲ. ಒಬ್ಬರು ಒಂದು ಬಿಳಿ ಪುಡಿ ತಂದುಕೊಟ್ಟು, "ಗೊತ್ತಾಗದ ಹಾಗೆ ಸಾಂಬಾರಿಗೆ ಹಾಕು, ಕುಡಿದರೆ ವಾಂತಿ ಬರುತ್ತದೆ, ಹೆದರಿ ಬಿಡುತ್ತಾರೆ" ಎಂದರು. ಹಾಕಿದೆ. ವಾಂತಿ ಬಂತು. ಅವರು ಹೆದರಿದರು, ಬಿಟ್ಟರು. ಕುಡಿತವನ್ನಲ್ಲ, ನನ್ನ ಸಾಂಬಾರನ್ನು. ಒಂದು ತಿಂಗಳು ಮನೆಯಲ್ಲಿ ಊಟವನ್ನೇ ಮಾಡಲಿಲ್ಲ. ಕುಡಿಯುವುದು ಖಾಲಿ ಹೊಟ್ಟೆಗೆ ನಡೆಯಿತು. ಹೀಗೆ ನಾನೂ ಬುದ್ಧಿವಂತರ ಸಾಲಿಗೆ ಸೇರಿದೆ.

ಬುದ್ಧಿವಂತರಲ್ಲಿ ದೊಡ್ಡವರು ನಿಮ್ಮ ದೊಡ್ಡಜ್ಜ. ಅಜ್ಜನ ಅಣ್ಣ, ನನಗೆ ಭಾವ. ಅವರು ಊರಿನ ಮದ್ಯ ವಿರೋಧಿ ಸಮಿತಿಯ ಅಧ್ಯಕ್ಷರು. ಸಮಿತಿಯಲ್ಲಿ ಐದು ಜನ, ಅವರಲ್ಲಿ ಇಬ್ಬರು ಸಂಜೆಯ ಸಭೆಗೆ ಬರುತ್ತಿರಲಿಲ್ಲ. ಯಾಕೆಂದು ಕೇಳಬೇಡಿ, ಸಂಜೆ ಅವರಿಗೆ ಬೇರೆ ಕೆಲಸ ಇತ್ತು. ಭಾವ ವೇದಿಕೆ ಹತ್ತಿದರೆ ಮೈಕು ಬೇಡ. ತೊಡುತ್ತಿದ್ದ ಬಿಳಿ ಅಂಗಿಗೆ ಒಂದು ಸುಕ್ಕು ಇಲ್ಲ. ಆ ಅಂಗಿಯ ಕಾಲರು ಅಷ್ಟು ನೇರ ನಿಂತದ್ದು ತಮ್ಮನ ಬೆಳಗ್ಗಿನ ಗ್ಲಾಸಿನಿಂದ ಎಂದು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ನಮ್ಮ ಕುಟುಂಬದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಲ್ಲುವ ಕ್ರಮ ಇರಲಿಲ್ಲ. ಏನಿದ್ದರೂ ಬಾಗಿಲಿನ ಹಿಂದೆ ನಿಂತು ಹೇಳುವುದು. ಮದುವೆಯಾಗಿ ಇಪ್ಪತ್ತು ವರ್ಷ ನಾನು ಭಾವನ ಮುಖವನ್ನು ಸರಿಯಾಗಿ ನೋಡಿದ್ದು ಫೋಟೋದಲ್ಲಿ.

ಒಂದು ವರ್ಷ ನಮ್ಮ ಕುಟುಂಬದ ಮೂಲಮನೆ ತರವಾಡಿನ ದೈವದ ಕೋಣೆಯ ಎದುರು ಭಾವ ತಮ್ಮನನ್ನು ನಿಲ್ಲಿಸಿದರು. ಕೈಗೆ ಸೀಯಾಳ ಕೊಟ್ಟರು. "ಇನ್ನು ಮುಟ್ಟುವುದಿಲ್ಲ ಎಂದು ಹೇಳು" ಎಂದರು. ಅಜ್ಜ ಹೇಳಿದರು. ಅವರಿಗೂ ಬಿಡಬೇಕೆಂದೇ ಇತ್ತು, ಅದು ಸುಳ್ಳಲ್ಲ. ಆವತ್ತು ಪಾಯಸ ಆಯಿತು. ಭಾವನ ಹೆಂಡತಿ, ನಿಮ್ಮ ದೊಡ್ಡಜ್ಜಿ, ನನ್ನ ಕೈ ಹಿಡಿದು, "ಇನ್ನು ನಿನ್ನ ಕಷ್ಟ ಮುಗಿಯಿತು" ಎಂದರು.

ಮರುದಿನ ಬೆವರು. ಅದರ ಮರುದಿನ ಕೈ, ತುಟಿ, ಮಂಡಿ ಎಲ್ಲ ನಡುಕ. ಮೂರನೆಯ ದಿನ ಬೆಳಗ್ಗೆ ಜಗಲಿಯಲ್ಲಿ ಕೂತು ಖಾಲಿ ಗಾಳಿಯಲ್ಲಿ ಸೂಜಿಗೆ ನೂಲು ಪೋಣಿಸಲಿಕ್ಕೆ ಹೊರಟರು. ಕೈಯಲ್ಲಿ ಸೂಜಿಯೂ ಇಲ್ಲ, ನೂಲೂ ಇಲ್ಲ. ಕಣ್ಣು ಮಾತ್ರ ಹಾಗೇ ಕಿರಿದು ಮಾಡಿ, ನಾಲಗೆಯಿಂದ ನೂಲಿನ ತುದಿ ಒದ್ದೆ ಮಾಡಿ. ಆಮೇಲೆ ಎದ್ದು ನಿಂತು ನಡುಗುತ್ತಾ ಯಾರೊಟ್ಟಿಗೋ ಮಾತಾಡತೊಡಗಿದರು.

ನಾನು ಹೆದರಿ ತರವಾಡಿಗೆ ಜನ ಕಳಿಸಿದೆ. ಭಾವ ಬಂದರು, ಜೊತೆಗೆ ಹತ್ತು ಜನ ಬಂದರು. ನಮ್ಮಲ್ಲಿ ಮೈ ನಡುಗಿದರೆ ಮೊದಲು ಬರುವ ಯೋಚನೆ ಒಂದೇ. ಭಾವ ಕಾಲಿನ ಚಪ್ಪಲಿ ಬಿಚ್ಚಿದರು, ಕೈ ಮುಗಿದರು. "ಮೊನ್ನೆ ಮಾತು ಕೊಟ್ಟದ್ದಕ್ಕೆ ದೈವ ಮೈಮೇಲೆ ಬಂದದ್ದು, ಸಂಶಯವೇ ಬೇಡ" ಎಂದರು. ಹತ್ತು ಜನವೂ ಕೈ ಮುಗಿದರು. ಮೂರು ದಿನದ ಹಿಂದೆ ಇದೇ ಮನುಷ್ಯನನ್ನು ದಾರಿಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದವರು.

"ಎಂತ ಬೇಕು, ಅಪ್ಪಣೆಯಾಗಲಿ" ಎಂದು ಭಾವ ಕೇಳಿದರು.

"ಮೂವತ್ತಾರು" ಎಂದರು ನಿಮ್ಮ ಅಜ್ಜ.

"ಮೂವತ್ತಾರು ಸೀಯಾಳ!" ಎಂದರು ಭಾವ, ಹಿಂದೆ ತಿರುಗಿ. ಮರ ಹತ್ತುವವನನ್ನು ಕರೆಯಲಿಕ್ಕೆ ಒಬ್ಬರು ಓಡಿದರು.

ನಾನು ಬಾಗಿಲಿನ ಹಿಂದೆ ಇದ್ದೆ. ಅದು ಸೀಯಾಳ ಅಲ್ಲ, ಅಂಗನವಾಡಿ ಟೀಚರಮ್ಮನ ಎದೆಯ ಅಳತೆ ಎಂದು ನನಗೆ ಗೊತ್ತಿತ್ತು. ಅವರ ರವಿಕೆಯ ಬಟ್ಟೆ ಕತ್ತರಿಸಿ ಇಟ್ಟು ವಾರವಾಗಿತ್ತು. ಆದರೆ ಅದನ್ನು ಹತ್ತು ಗಂಡಸರ ಎದುರು ಹೇಳುವುದು ಹೇಗೆ? ಬಾಯಿ ಮುಚ್ಚಿ ನಿಂತೆ. ಮಕ್ಕಳೇ, ನಗಬಹುದು, ನಾನೂ ಈಗ ನಗುತ್ತೇನೆ. ಆದರೆ ಆವತ್ತು ನಾನು ಬಾಯಿ ಮುಚ್ಚಿ ನಿಂತ ಅರ್ಧ ಗಂಟೆಯಲ್ಲಿ ಅವರು ಸಾಯುವುದಿತ್ತು. ಸೀಯಾಳ ಬರುವ ಮೊದಲೇ ಅವರು ಕಡಿದ ಮರದ ಹಾಗೆ ಬಿದ್ದರು. ಕೈಕಾಲು ಸೆಟೆದವು, ಬಾಯಿಂದ ರಕ್ತ ಬಂತು. ನಾಲಗೆ ಕಚ್ಚಿಕೊಂಡಿದ್ದರು. ಆಗಲೂ ಇಬ್ಬರು ಕೈ ಮುಗಿದುಕೊಂಡೇ ಇದ್ದರು. ನಾನು ಕಿರುಚಿದ ಮೇಲೆ ಜೀಪು ಬಂತು.

ಆಸ್ಪತ್ರೆಯಲ್ಲಿ ಒಬ್ಬರು ಹೆಂಗಸು ಡಾಕ್ಟರು. ಕಣ್ಣೂರು ಕಡೆಯವರು, ಕನ್ನಡ ಕಲಿತಿದ್ದರು. ಇಂಜೆಕ್ಷನ್ ಕೊಟ್ಟು ಮಲಗಿಸಿ ಹೊರಗೆ ಬಂದು, "ಕುಡಿತ ಪಕ್ಕನೆ ನಿಲ್ಲಿಸಿದ್ದು ಯಾರು?" ಎಂದು ಕೇಳಿದರು. ಎಲ್ಲರೂ ಭಾವನನ್ನು ನೋಡಿದರು. ಭಾವ ಫ್ಯಾನು ನೋಡಿದರು.

"ಇಷ್ಟು ವರ್ಷ ದಿನಾ ಇಷ್ಟು ಕುಡಿದವರನ್ನು ಮನೆಯಲ್ಲಿ ಹೀಗೆ ನಿಲ್ಲಿಸಿದರೆ ಸಾಯುತ್ತಾರೆ. ನಿಲ್ಲಿಸಲಿಕ್ಕೆ ಇಲ್ಲಿ ಕರೆದುಕೊಂಡು ಬನ್ನಿ, ಅದಕ್ಕೆ ಮದ್ದು ಉಂಟು" ಎಂದರು ಡಾಕ್ಟರು. ಕುಡಿತ ಕೊಲ್ಲುತ್ತದೆ ಎಂದು ಕೇಳಿ ಕೇಳಿ ಕಿವಿ ತುಂಬಿತ್ತು. ಬಿಡುವುದೂ ಕೊಲ್ಲುತ್ತದೆ ಎಂದು ಕೇಳಿದ್ದು ಆವತ್ತೇ.

ಅಲ್ಲಿಂದ ಮುಂದೆ ಎರಡು ಸಲ ಕುಡಿತ ಬಿಡಿಸುವ ವಾರ್ಡಿನಲ್ಲಿ ಇದ್ದು ಬಂದರು. ಎರಡು ಸಲವೂ ಒಳ್ಳೆಯದಾಗಿಯೇ ಬಂದರು, ಮುಖದಲ್ಲಿ ರಕ್ತ ಬಂದಿತ್ತು. ಎರಡು ಸಲವೂ ತಿಂಗಳು ತುಂಬುವ ಮೊದಲು ಮತ್ತೆ ಕುಡಿತಕ್ಕೆ ಹೋದರು. ಬಾಟ್ಲಿ ಅಂಗಡಿಯ ಸರಕು ಸಿಕ್ಕದ ದಿನ ಗುಡ್ಡದ ಆಚೆ ಯಾರೋ ಕಾಯಿಸುವ ಕಳ್ಳಭಟ್ಟಿ. ಒಮ್ಮೆ ಅದನ್ನು ಕುಡಿದು ಎರಡು ದಿನ ಕಣ್ಣು ಕಾಣಲಿಲ್ಲ. ಕಣ್ಣು ಕಾಣದ ಟೈಲರ್ ಜಗಲಿಯಲ್ಲಿ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ. ನಾನೂ ಅತ್ತೆ, ಒಳಗೆ.

ಮೂರನೆಯ ಸಲ ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿದರು. "ಅಮ್ಮ, ಬಿಡುವುದಾದರೆ ಬಿಡಲಿ, ಬಾಗಿಲು ತೆರೆದೇ ಉಂಟು. ಬಿಡಲಿಕ್ಕೆ ಆಗದಷ್ಟು ದಿನ ಸಾಯದ ಹಾಗೆ ನೋಡಿಕೊಳ್ಳುವ" ಎಂದರು. ಆಮೇಲೆ ಕಾಗದದಲ್ಲಿ ಬರೆದುಕೊಟ್ಟರು. ಖಾಲಿ ಹೊಟ್ಟೆಗೆ ಇಲ್ಲ, ಗಂಜಿ ಮೊದಲು. ಕಳ್ಳಭಟ್ಟಿ ಖಂಡಿತ ಇಲ್ಲ. ಬಾಟ್ಲಿ ನನ್ನ ವಶದಲ್ಲಿ. ದಿನಕ್ಕೆ ಇಷ್ಟು ಸಲ, ಇಷ್ಟೇ ಅಳತೆ, ಇಂಥ ಹೊತ್ತಿಗೆ. ವಿಟಮಿನ್ ಮಾತ್ರೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅಳತೆಯನ್ನು ಇಳಿಸುವುದಾದರೆ ಅವರು ಹೇಳಿದ ಹಾಗೆ, ಸ್ವಲ್ಪ ಸ್ವಲ್ಪ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಉಂಟಂತೆ, ದೊಡ್ಡ ದೊಡ್ಡ ದೇಶಗಳಲ್ಲಿ ಮಾಡುತ್ತಾರಂತೆ. ನಮ್ಮ ಊರಿನಲ್ಲಿ ಅದಕ್ಕೆ ಇಟ್ಟ ಹೆಸರು 'ಗಂಡನಿಗೆ ಕುಡಿಸುವವಳು'.

ಈಗ ಬಾಟ್ಲಿ ತರುವುದು ಯಾರು? ಅವರನ್ನು ಕಳಿಸಿದರೆ ಬಾಟ್ಲಿ ಹೊಟ್ಟೆಯಲ್ಲಿ ಬರುತ್ತದೆ, ಕೈಯಲ್ಲಿ ಬರುವುದಿಲ್ಲ. ಪಕ್ಕದ ಮನೆಯವರನ್ನು ಕೇಳಲಿಕ್ಕೆ ನಾಚಿಕೆ. ಕೊನೆಗೆ ನಾನೇ ಹೊರಟೆ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಕೇಳಲಿಕ್ಕೂ ಸ್ವರ ಬಾರದವಳು ಪೇಟೆಯ ಸರಕಾರಿ ಬಾಟ್ಲಿ ಅಂಗಡಿಯ ಕ್ಯೂನಲ್ಲಿ ನಿಂತೆ, ತಲೆಗೆ ಸೆರಗು ಹಾಕಿಕೊಂಡು, ಕೈಯಲ್ಲಿ ಬಸಳೆ ಕಟ್ಟು ಕಾಣುವ ಹಾಗೆ ಚೀಲ ಹಿಡಿದುಕೊಂಡು. ಬಸಳೆ ಕೊಳ್ಳಲಿಕ್ಕೆ ಅಲ್ಲಿಗೆ ಯಾರಾದರೂ ಬರುತ್ತಾರೆಯೇ ಎಂದು ಹೊಳೆದದ್ದು ಮನೆಗೆ ಬಂದ ಮೇಲೆ.

ಒಂದು ಮಾತು ಹೇಳಬೇಕು. ಬಸ್ಸಿಗೆ ನುಗ್ಗುವ, ಪ್ರಸಾದಕ್ಕೆ ನುಗ್ಗುವ ನಮ್ಮ ಜನ ಅಷ್ಟು ನೇರ ಸಾಲಿನಲ್ಲಿ ನಿಂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಒಬ್ಬರೂ ಮೈಗೆ ತಾಗಲಿಲ್ಲ, ಒಬ್ಬರೂ ಕೆಟ್ಟ ಮಾತು ಹೇಳಲಿಲ್ಲ. "ಅಮ್ಮ ಮುಂದೆ ಹೋಗಲಿ, ಬಿಡಿ" ಎಂದು ಟೊಪ್ಪಿ ಹಾಕಿದ ಒಬ್ಬ ಬ್ಯಾರಿ ಅಜ್ಜ ದಾರಿ ಮಾಡಿಸಿದ. ಅವನು ಕೂಡ ತನಗಲ್ಲ, ಯಾರದೋ ನೋಯುವ ಕಾಲಿಗೆ ಉಜ್ಜಲಿಕ್ಕೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ. ನನ್ನ ಮುಂದೆ ಇದ್ದವರು ತಿರುಗಿದರು. ನೋಡಿದರೆ ನನಗೆ ಏಳನೆಯ ಕ್ಲಾಸಿನಲ್ಲಿ ನೀತಿಪಾಠ ಹೇಳಿದ ಮಾಸ್ಟ್ರು.

"ತಂಗಿ, ಪೋಸ್ಟಾಫೀಸು ಇದಲ್ಲವಾ?" ಎಂದರು ಮಾಸ್ಟ್ರು.

"ನಾನೂ ಹಾಗೆಯೇ ಗ್ರಹಿಸಿದೆ ಮಾಸ್ಟ್ರೇ" ಎಂದೆ.

ಇಬ್ಬರೂ ಅಲುಗಾಡಲಿಲ್ಲ. ನಮ್ಮ ಸರದಿ ಬರುವವರೆಗೆ ಅಂಚೆ ಇಲಾಖೆ ಈಗ ಮೊದಲಿನ ಹಾಗೆ ಇಲ್ಲ ಎಂದು ಮಾತಾಡಿದೆವು.

ಮನೆಯಲ್ಲಿ ನಾನು ಗ್ಲಾಸಿಗೆ ಅವರ ಟೈಲರ್ ಚಾಕಿನಿಂದಲೇ ಗೆರೆ ಹಾಕಿದೆ. ನಾಲ್ಕು ದಿನದಲ್ಲಿ ಆ ಗೆರೆಗೆ ಕಾಲು ಬಂತು, ಮೆಲ್ಲ ಮೇಲೆ ಹತ್ತಿತು. "ತೊಳೆಯುವಾಗ ಜಾರಿದ್ದು" ಎಂದರು. "ಜಾರಿದರೆ ಕೆಳಗೆ ಹೋಗಬೇಕಲ್ಲ?" ಎಂದೆ. ಮಗಳ ನೈಲ್ ಪಾಲಿಶ್ ತಂದು ಕೆಂಪು ಗೆರೆ ಎಳೆದೆ. ಅದನ್ನು ನೋಡಿ, "ನೀನು ನನ್ನ ಹತ್ತಿರ ಟೈಲರಿಂಗ್ ಕಲಿತಿದ್ದರೆ ಒಳ್ಳೆಯದಿತ್ತು ಮಾರಾಯ್ತಿ, ಒಂದು ನೂಲು ಅತ್ತಿತ್ತ ಬಿಡುವವಳಲ್ಲ" ಎಂದರು. ಬೆಳಗ್ಗೆ ನಾನು ಗಂಜಿ ಬಟ್ಟಲು ಮುಂದಿಟ್ಟು ಕೂರುವುದು, ಅವರು ಔಷಧಿ ಕುಡಿಯುವವರ ಹಾಗೆ ಗಂಜಿ ಕುಡಿಯುವುದು, ಆಮೇಲೆ ಗಂಜಿ ಕುಡಿಯುವವರ ಹಾಗೆ ಶಾಂತವಾಗಿ ಗ್ಲಾಸು.

"ಇನ್ನೆರಡು ತುತ್ತು" ಎಂದರೆ, "ನೀನೆಂತ ಬಾಲವಾಡಿ ಟೀಚರಾ?" ಎನ್ನುವರು. ಆದರೂ ತಿನ್ನುವರು.

ಅಯಲ್‌ಕೂಟದಲ್ಲಿ ಗುಸುಗುಸು ಆಯಿತು. ನಾನು ಹೋದರೆ ಮಾತು ನಿಲ್ಲುವುದು, ಕೂತರೆ ಚಾಪೆಯಲ್ಲಿ ಜಾಗ ವಿಶಾಲವಾಗುವುದು. ಭಾವ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಒಂದು ಸಭೆಯಲ್ಲಿ, ಹೆಸರು ಹೇಳದೆ, "ಮನೆಯನ್ನೇ ಬಾರು ಮಾಡಿದ ಹೆಂಗಸರೂ ಇದ್ದಾರೆ" ಎಂದರಂತೆ. ಕೇಳಿದ ಎಲ್ಲರಿಗೂ ಹೆಸರು ಗೊತ್ತಿತ್ತು.

ನಿಮ್ಮ ಅಜ್ಜ ಪೂರ್ತಿ ಬಿಡಲಿಲ್ಲ. ಇದನ್ನು ನೀವು ಸರಿಯಾಗಿ ಓದಿಕೊಳ್ಳಬೇಕು. ಅಳತೆ ಇಳಿಯಿತು, ಅರ್ಧಕ್ಕಿಂತ ಕೆಳಗೆ ಇಳಿಯಿತು, ಕೆಲವು ತಿಂಗಳು ಸಂಜೆಯದ್ದು ಇಲ್ಲವೇ ಇಲ್ಲ ಎನ್ನುವಷ್ಟು. ಆದರೆ ಪೂರ್ತಿ ಹೋಗಲಿಲ್ಲ. ಎರಡು ಸಲ ನನ್ನ ಬೀಗ ಒಡೆದರು. ಒಮ್ಮೆ ನಾನು ಸಿಟ್ಟಿನಲ್ಲಿ ಬಾಟ್ಲಿಯನ್ನು ಬಾವಿಕಟ್ಟೆಗೆ ಹೊಡೆದೆ, ಆಮೇಲೆ ಡಾಕ್ಟರ ಮುಖ ನೆನಪಾಗಿ ಅದೇ ಹೊತ್ತಿನಲ್ಲಿ ಬಸ್ಸು ಹತ್ತಿ ಇನ್ನೊಂದು ತಂದೆ. ಹೀಗೆ ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ಅವರು ದಾರಿಬದಿಯಲ್ಲಿ ಬೀಳಲಿಲ್ಲ, ಕಳ್ಳಭಟ್ಟಿ ಮುಟ್ಟಲಿಲ್ಲ. ನಿಮ್ಮ ಅಮ್ಮನ ಮದುವೆಯ ಧಾರೆಯ ರವಿಕೆ ಅವರೇ ಹೊಲಿದರು, ಸೂಜಿಗೆ ನೂಲು ಅವರೇ ಪೋಣಿಸಿದರು. ದೊಡ್ಡವನೇ, ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಿನಗೊಂದು ಅಂಗಿ ಅಳತೆ ಮಾಡಿದರು. ನಿನಗೆ ನೆನಪಿರಲಿಕ್ಕಿಲ್ಲ.

ಕೊನೆಗೆ ಲಿವರೇ ಕೈಕೊಟ್ಟಿತು. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಹಾಕಿದ ಅಡಿಗೆ ಚಪ್ಪರದಲ್ಲಿ, "ಅವಳೇ ಎರೆದು ಎರೆದು ಕೊಂದಳು" ಎಂದು ಯಾರೋ ಹೇಳಿದ್ದು ನನಗೆ ಕೇಳಿಸಿತು. ಅವರು ಹೋದ ಮರುವರ್ಷ ಗಡಿಯ ಈಚೆ ನಮ್ಮ ಸರಕಾರ ಬಾರುಗಳಿಗೆ ಬೀಗ ಹಾಕಿದಾಗ ಭಾವ ಪಟಾಕಿ ಹೊಡೆಸಿದರು. ಬಾಟ್ಲಿ ಅಂಗಡಿಯ ಕ್ಯೂ ಮಾತ್ರ ಎರಡರಷ್ಟು ಉದ್ದವಾಯಿತಂತೆ. ಆ ಚಪ್ಪರದ ಮಾತು ನನ್ನ ಕಿವಿಯಿಂದ ಹೋಗಲಿಲ್ಲ. ನಾನು ಉಳಿಸಿದ್ದಾ, ನಿಧಾನಕ್ಕೆ ಕೊಂದದ್ದಾ ಎಂದು ನಾನೇ ನನ್ನನ್ನು ಕೇಳಿಕೊಂಡದ್ದುಂಟು. ಉತ್ತರ ಗೊತ್ತಿಲ್ಲ ಎಂದು ಬರೆದು ಇದನ್ನು ಇಲ್ಲಿಗೆ ಮುಗಿಸಿ, ಕಪಾಟಿನಲ್ಲಿ ಇಟ್ಟಿದ್ದೆ.

ಇಟ್ಟು ನಾಲ್ಕು ದಿನ ಆಗಿರಲಿಲ್ಲ, ಮಧ್ಯಾಹ್ನ ಹಿತ್ತಿಲ ಬಾಗಿಲಿನಿಂದ ದೊಡ್ಡಜ್ಜಿ ಬಂದರು. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ವರ್ಷಗಳಿಂದ ಈ ಮನೆಗೆ ಕಾಲಿಡದವರು ಹಪ್ಪಳ ಕೊಡಲಿಕ್ಕೆ ಬರುವುದೆಂದರೆ ನನಗೂ ಸ್ವಲ್ಪ ಬುದ್ಧಿ ಉಂಟಲ್ಲ.

"ಎಂತ ಅಕ್ಕ?" ಎಂದೆ.

ಅವರು ಕೂರಲಿಲ್ಲ. "ಮಾಧವ" ಎಂದರು. ಅವರ ಮಗ, ನಿಮ್ಮ ಮಾಧವ ಮಾವ. ದುಬೈಯಿಂದ ಬಂದ ಮೇಲೆ ಕೋಣೆಯಿಂದ ಹೊರಗೆ ಬರುವುದೇ ಕಡಿಮೆ, ಬೆನ್ನುನೋವು ಎಂದು ಅವರು ಎಲ್ಲರಿಗೂ ಹೇಳಿದ್ದರು. ಬೆನ್ನುನೋವಲ್ಲವಂತೆ. ಎಷ್ಟೋ ವರ್ಷದ ಕುಡಿತ. "ಮೊನ್ನೆ ಅವನ ಅಪ್ಪ ಮಾತು ತೆಗೆದುಕೊಂಡು ಕೋಣೆಗೆ ಬೀಗ ಹಾಕಿದ್ದಾರೆ. ಇವತ್ತು ಅವನು ಗೋಡೆಯೊಟ್ಟಿಗೆ ಮಾತಾಡುತ್ತಿದ್ದಾನೆ. ನೀನು ಆಗ ಎಷ್ಟು ಕೊಡುತ್ತಿದ್ದೆ, ಅಳತೆ ಹೇಳು. ಇವರಿಗೆ ಗೊತ್ತಾಗದ ಹಾಗೆ ಕೊಡುತ್ತೇನೆ."

ಮಕ್ಕಳೇ, ಒಂದು ಕ್ಷಣ ನನಗೆ ಸುಖವಾಯಿತು. ಸುಳ್ಳು ಹೇಳಲಿಕ್ಕೆ ಈ ವಯಸ್ಸಿನಲ್ಲಿ ಏನುಂಟು. ಮನೆಯನ್ನೇ ಬಾರು ಮಾಡುವ ಸರದಿ ಈಗ ಯಾರದ್ದು ಎಂದು ಕೇಳಲಿಕ್ಕೆ ಬಾಯಿಯವರೆಗೆ ಬಂತು. ಅಷ್ಟರಲ್ಲಿ ಖಾಲಿ ಗಾಳಿಯಲ್ಲಿ ನೂಲು ಪೋಣಿಸುವ ಆ ಎರಡು ಕೈ ಕಣ್ಣ ಮುಂದೆ ಬಂತು.

"ಅಳತೆ ನಾನು ಹೇಳುವುದಲ್ಲ ಅಕ್ಕ, ಡಾಕ್ಟರು ಹೇಳುವುದು. ಈಗ ಹೊತ್ತಿಲ್ಲ, ನಡೆಯಿರಿ" ಎಂದೆ.

ಭಾವನ ಮನೆಯ ಜಗಲಿ ಹತ್ತಿದೆ, ಚಾವಡಿಗೆ ಹೋದೆ. ಬಾಗಿಲಿನ ಹಿಂದೆ ನಿಲ್ಲಲಿಲ್ಲ. ಭಾವ ಕುರ್ಚಿಯಲ್ಲಿ ಇದ್ದರು. ಬೀಗದ ಕೈ ಜನಿವಾರಕ್ಕೆ ಕಟ್ಟಿತ್ತು. ಎದುರಿಗೆ ನಿಂತು ನೋಡಿದಾಗ ಗೊತ್ತಾಯಿತು, ಬಹಳ ಮುದುಕರಾಗಿದ್ದಾರೆ.

"ಭಾವ, ಬೀಗ ತೆಗೆಯಿರಿ."

"ಮಾತು ಕೊಟ್ಟಿದ್ದಾನೆ" ಎಂದರು ಅವರು, ನನ್ನನ್ನು ನೋಡದೆ. "ಎರಡು ದಿನ ಕಷ್ಟ ಆಗುತ್ತದೆ, ಆಮೇಲೆ ಸರಿಹೋಗುತ್ತದೆ."

"ತಮ್ಮನೂ ಕೊಟ್ಟಿದ್ದರು. ನೀವು ಆವತ್ತು ಕೈ ಮುಗಿದು ನಿಂತಿದ್ದಿರಿ, ನಾನು ಬಾಯಿ ಮುಚ್ಚಿ ನಿಂತಿದ್ದೆ. ತಪ್ಪು ಇಬ್ಬರದ್ದೂ. ಮೂವತ್ತಾರು ಎಂದದ್ದು ಸೀಯಾಳ ಅಲ್ಲ ಭಾವ, ರವಿಕೆಯ ಅಳತೆ. ಈಗ ಬೀಗ ತೆಗೆಯುತ್ತೀರಾ, ಊರು ಸೇರಿಸಲಾ?"

ಇಷ್ಟು ಮಾತು ನನ್ನ ಬಾಯಿಂದ ಒಟ್ಟಿಗೆ ಬಂದದ್ದನ್ನು ಕೇಳಿ ನನಗೇ ಹೆದರಿಕೆಯಾಯಿತು. ಭಾವ ಎದ್ದರು. ಎಷ್ಟು ಹುಡುಕಿದರೂ ಬೀಗದ ಕೈ ತೂತಿಗೆ ಹೋಗಲಿಲ್ಲ. ನಾನೇ ತೆಗೆದೆ.

ಹದಿನೆಂಟು ದಿನ ಆಸ್ಪತ್ರೆಯಲ್ಲಿ ಇದ್ದು ಮಾಧವ ಬದುಕಿ ಬಂದ. ಇದನ್ನು ಬರೆಯಲಾ ಎಂದು ಅವನನ್ನೇ ಕೇಳಿದೆ. "ಬರೆಯಿರಿ ಚಿಕ್ಕಮ್ಮ. ಬೆನ್ನುನೋವು ಎಂದು ಮಾತ್ರ ಬರೆಯಬೇಡಿ, ಊರಿನವರೆಲ್ಲ ಎಣ್ಣೆ ತಂದುಕೊಟ್ಟು ಸಾಕಾಯಿತು" ಎಂದ. ಅವನು ಪೂರ್ತಿ ಬಿಡುತ್ತಾನೋ, ಅಳತೆಯಲ್ಲಿ ನಿಲ್ಲುತ್ತಾನೋ, ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದ್ದಾನೆ.

ನಿನ್ನೆ ಅವನ ಮೊದಲ ಕ್ಲಿನಿಕ್ಕಿನ ದಿನ. ಮಧೂರಿನ ಮೇಲಿನಿಂದ ಹೋಗುವ ಬಸ್ಸಿನಲ್ಲಿ ಮೂವರು ಹೋದೆವು, ಮಾಧವ, ನಾನು, ಭಾವ. ಬಸ್ಸಿನಲ್ಲಿ ನಮ್ಮ ಊರಿನ ಅರ್ಧ ಜನ. ಕಂಡಕ್ಟರ್ ಬಂದು, "ಅಧ್ಯಕ್ಷರು ಎಲ್ಲಿಗೆ ಹೊರಟದ್ದು?" ಎಂದು ಕೇಳಿದ. ಭಾವ ಕಿಟಕಿಯ ಹೊರಗೆ ನೋಡಿಕೊಂಡು, "ಮಧೂರಿಗೆ ಮೂರು" ಎಂದರು.

ಮಧೂರಿನಲ್ಲಿ ಇರುವುದು ದೇವಸ್ಥಾನ, ಅಲ್ಲಿ ಇಳಿದರೆ ಆಸ್ಪತ್ರೆಗೆ ಮತ್ತೊಂದು ಬಸ್ಸು ಹಿಡಿಯಬೇಕು.

"ಅಲ್ಲ ಮಾರಾಯ, ಆಸ್ಪತ್ರೆಗೆ ಕೊಡು" ಎಂದೆ ನಾನು. "ಕುಡಿತದ ಡಾಕ್ಟರ ಹತ್ತಿರ ಹೋಗುವುದು, ಹನ್ನೊಂದಕ್ಕೆ ಚೀಟಿ ಮುಗಿಯುತ್ತದೆ."

ಕಂಡಕ್ಟರ್ ಮೂರು ಟಿಕೇಟು ಹರಿದು ಕೊಟ್ಟ. ಆಮೇಲೆ ಹಿಂದಿನ ಸೀಟಿನಿಂದ ಒಬ್ಬಳು ಹೆಂಗಸು ಬಗ್ಗಿ, ನನ್ನ ಕಿವಿಯ ಹತ್ತಿರ ಬಂದು, ಆ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ಕೇಳಿದಳು.